ಕೇಬಲ್ ಟಿವಿ ಜಾಹೀರಾತುಗಳ ತಾಂತ್ರಿಕ ಸಿದ್ಧತೆ

ಕೇಬಲ್ ಟಿವಿ ಜಾಹೀರಾತುಗಳ ತಾಂತ್ರಿಕ ಸಿದ್ಧತೆ ಎಂದರೆ ಚಿತ್ರೀಕರಣ ಮತ್ತು ಸಂಕಲನ ಮುಗಿದ ಜಾಹೀರಾತನ್ನು ಪ್ರಸಾರ ವ್ಯವಸ್ಥೆಗೆ ಒಪ್ಪುವ ರೂಪಕ್ಕೆ ತಂದು ವಾಹಿನಿಗೆ ತಲುಪಿಸುವ ಕಾರ್ಯ. ಚಿತ್ರದ ಅಳತೆ, ಫ್ರೇಮ್‌ಗಳ ವೇಗ, ಅವಧಿ, ಧ್ವನಿಮಟ್ಟ ಹಾಗೂ ಕಡತದ ಸ್ವರೂಪ ಇದರ ಮುಖ್ಯ ಅಂಶಗಳು. ಇವುಗಳಲ್ಲಿ ಒಂದು ತಪ್ಪಿದರೂ ವಾಹಿನಿಯು ಜಾಹೀರಾತನ್ನು ಹಿಂದಿರುಗಿಸಬಹುದು. ಹಬ್ಬದ ಮಾರಾಟಕ್ಕೆಂದು ಪ್ರಸಾರದ ಸಮಯವನ್ನು ಕೊಂಡ ವ್ಯಾಪಾರಿಗೆ ಒಂದು ದಿನದ ವಿಳಂಬವೂ ನಷ್ಟವೇ.

ಹಿನ್ನೆಲೆ

ಸೋನಿ ಸಂಸ್ಥೆಯು 1982ರಲ್ಲಿ ಬೀಟಾಕ್ಯಾಮ್ ಟೇಪನ್ನು ಪರಿಚಯಿಸಿತು. ಮುಂದೆ ಬೀಟಾಕ್ಯಾಮ್ ಎಸ್‌ಪಿ ಮತ್ತು 1993ರಲ್ಲಿ ಡಿಜಿಟಲ್ ಬೀಟಾಕ್ಯಾಮ್ ಬಂದವು. ಆ ಕಾಲದಲ್ಲಿ ಪ್ರತಿಯೊಂದು ವಾಹಿನಿಗೂ ಬೇರೆ ಬೇರೆ ಟೇಪ್ ಪ್ರತಿಯನ್ನು ಮಾಡಿ ಕಳುಹಿಸಬೇಕಿತ್ತು. ಈಗ ಟೇಪಿನ ಸ್ಥಾನವನ್ನು ಕಡತಗಳು ಪಡೆದಿವೆ. ಭಾರತದಲ್ಲಿ ಕೇಬಲ್ ಜಾಲದ ಡಿಜಿಟಲೀಕರಣವು ಹಂತಹಂತವಾಗಿ ನಡೆಯಿತು. ಬೆಂಗಳೂರು ಮತ್ತು ಮೈಸೂರು ನಗರಗಳು ಸೇರಿದ್ದ ಎರಡನೆಯ ಹಂತಕ್ಕೆ 2013ರ ಮಾರ್ಚ್ 31 ಗಡುವಾಗಿತ್ತು.

ಚಿತ್ರದ ಮಾನದಂಡಗಳು

ಭಾರತವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ 625 ಗೆರೆಗಳಿದ್ದು, ಅವುಗಳಲ್ಲಿ 576 ಗೆರೆಗಳು ಚಿತ್ರವನ್ನು ಹೊರುತ್ತವೆ. ಸೆಕೆಂಡಿಗೆ 25 ಫ್ರೇಮ್‌ಗಳು ಮೂಡುತ್ತವೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆಗಳೂ ಸೆಕೆಂಡಿಗೆ 29.97 ಫ್ರೇಮ್‌ಗಳೂ ಇವೆ. ಆಯಾ ದೇಶದ ವಿದ್ಯುತ್ ಪೂರೈಕೆಯ 50 ಮತ್ತು 60 ಹರ್ಟ್ಸ್ ಆವರ್ತನಗಳೇ ಈ ಭೇದದ ಮೂಲ. ಹೈ ಡೆಫಿನಿಷನ್ ವಾಹಿನಿಗಳ ಚಿತ್ರದ ಅಳತೆ 1920×1080 ಪಿಕ್ಸೆಲ್.

ಮೊಬೈಲ್ ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳಂತೆ ಚಿತ್ರೀಕರಿಸಿದ ದೃಶ್ಯವನ್ನು 25ಕ್ಕೆ ಇಳಿಸುವಾಗ ಪ್ರತಿ ಸೆಕೆಂಡಿನಲ್ಲಿ ಐದು ಫ್ರೇಮ್‌ಗಳನ್ನು ಕೈಬಿಟ್ಟರೆ ಚಲನೆಯು ಕುಂಟುತ್ತದೆ. ಆದುದರಿಂದ ಆರಂಭದಲ್ಲಿಯೇ 25 ಫ್ರೇಮ್‌ಗಳಲ್ಲಿ ಚಿತ್ರೀಕರಿಸುವುದು ಉತ್ತಮ.

ಹಳೆಯ ಟಿವಿ ಪೆಟ್ಟಿಗೆಗಳು ಚಿತ್ರದ ಅಂಚನ್ನು ಮರೆಮಾಡುತ್ತಿದ್ದವು. ಈ ಕಾರಣದಿಂದ ಅಂಗಡಿಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮುಂತಾದ ಅಕ್ಷರಗಳನ್ನು ಪರದೆಯ ನಡುವಿನ ಶೇಕಡಾ 80ರಷ್ಟು ಅಗಲ ಮತ್ತು ಎತ್ತರದೊಳಗೆ ಇರಿಸುವ ಪದ್ಧತಿ ಬೆಳೆಯಿತು. ಇದನ್ನು ಸುರಕ್ಷಿತ ವಲಯ ಎನ್ನುತ್ತಾರೆ. ಹೈ ಡೆಫಿನಿಷನ್ ಚಿತ್ರಗಳಿಗೆ ಈ ಮಿತಿಯನ್ನು ಶೇಕಡಾ 90ಕ್ಕೆ ಸಡಿಲಿಸಲಾಗಿದೆ.

ಅವಧಿ

ಪ್ರಸಾರದ ಸಮಯವನ್ನು ಸೆಕೆಂಡುಗಳ ಲೆಕ್ಕದಲ್ಲಿ ಮಾರುವುದರಿಂದ ಅವಧಿಯು ಕರಾರುವಾಕ್ಕಾಗಿರಬೇಕು. 25 ಫ್ರೇಮ್‌ಗಳ ಪದ್ಧತಿಯಲ್ಲಿ 30 ಸೆಕೆಂಡಿನ ಜಾಹೀರಾತು ಎಂದರೆ 750 ಫ್ರೇಮ್‌ಗಳು. ಹೆಚ್ಚಾದ ಭಾಗವು ಕೊನೆಯಲ್ಲಿ ಕತ್ತರಿಸಲ್ಪಡುತ್ತದೆ. ಸಾಮಾನ್ಯವಾಗಿ ವಿಳಾಸವಿರುವುದೂ ಅಲ್ಲಿಯೇ.

ಧ್ವನಿಮಟ್ಟ

ಧ್ವನಿಯ ಗರಿಷ್ಠ ಮಟ್ಟ ಒಂದೇ ಆಗಿದ್ದರೂ ಒತ್ತಿ ಸಂಕುಚಿಸಿದ ಧ್ವನಿಯು ಕಿವಿಗೆ ಹೆಚ್ಚು ಜೋರಾಗಿ ಕೇಳುತ್ತದೆ. ಕಾರ್ಯಕ್ರಮಕ್ಕಿಂತ ಜಾಹೀರಾತು ಅಬ್ಬರಿಸುತ್ತದೆ ಎಂಬ ವೀಕ್ಷಕರ ದೂರಿಗೆ ಇದೇ ಕಾರಣ. ಕಿವಿಗೆ ಕೇಳಿಸುವ ಪ್ರಬಲತೆಯನ್ನು ಅಳೆಯುವ ವಿಧಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಪ್ರಕಟಿಸಿತು. ಆ ಅಳತೆಯಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಗುರಿ -23. ಅಮೆರಿಕದ ಗುರಿ -24. ಅಮೆರಿಕವು 2010ರಲ್ಲಿ ಇದಕ್ಕಾಗಿಯೇ ‘ಕಾಮ್’ ಕಾಯಿದೆಯನ್ನು ಅಂಗೀಕರಿಸಿತು.

ಕಡತ ಮತ್ತು ವಿತರಣೆ

ದೊಡ್ಡ ವಾಹಿನಿಗಳು ಸಾಮಾನ್ಯವಾಗಿ ಎಂಎಕ್ಸ್‌ಎಫ್ ಹೊದಿಕೆಯ, ಸೆಕೆಂಡಿಗೆ 50 ಮೆಗಾಬಿಟ್ ವೇಗದ ಎಂಪೆಗ್-2 ಕಡತವನ್ನು ಬಯಸುತ್ತವೆ. ಇಂತಹ 30 ಸೆಕೆಂಡಿನ ಚಿತ್ರವೊಂದಕ್ಕೆ ಸುಮಾರು 190 ಮೆಗಾಬೈಟ್ ಬೇಕು. ಸ್ಥಳೀಯ ಕೇಬಲ್ ವಾಹಿನಿಗಳು ಎಚ್.264 ಕಡತವನ್ನು ಸ್ವೀಕರಿಸುವುದೂ ಉಂಟು. ಆದರೆ ವಾಟ್ಸ್‌ಆಪ್ ಮೂಲಕ ವೀಡಿಯೊವಾಗಿ ಕಳುಹಿಸಿದ ಪ್ರತಿಯು ಮತ್ತೊಮ್ಮೆ ಸಂಕುಚಿತಗೊಂಡು ಗುಣಮಟ್ಟವನ್ನು ಕಳೆದುಕೊಳ್ಳುತ್ತದೆ. ಕಡತದ ಹೆಸರಿನಲ್ಲಿ ಉತ್ಪನ್ನ, ಭಾಷೆ, ಅವಧಿ ಮತ್ತು ಆವೃತ್ತಿಯನ್ನು ಸೂಚಿಸಿದರೆ ಹಳೆಯ ಪ್ರತಿಯು ಪ್ರಸಾರವಾಗುವ ಸಂಭವ ಕಡಿಮೆಯಾಗುತ್ತದೆ.

ಭಾರತದ ನಿಯಮಗಳು

ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆ 1995ರ 6ನೆಯ ಪರಿಚ್ಛೇದದಂತೆ ಜಾಹೀರಾತುಗಳು ನಿಗದಿತ ಸಂಹಿತೆಯನ್ನು ಪಾಲಿಸಬೇಕು. 1994ರ ನಿಯಮಾವಳಿಯ 7ನೆಯ ನಿಯಮವೇ ಆ ಸಂಹಿತೆ. ಜಾಹೀರಾತಿನ ಧ್ವನಿಯು ಅತಿಯಾಗಿ ಜೋರಾಗಿರಬಾರದು, ಅದು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು, ವಾಹಿನಿಯ ಸ್ವಂತ ಪ್ರಚಾರವೂ ಸೇರಿ ಗಂಟೆಗೆ 12 ನಿಮಿಷಗಳನ್ನು ಮೀರಬಾರದು ಎಂದು ಅದು ವಿಧಿಸುತ್ತದೆ. ತಂಬಾಕು ಮತ್ತು ಮದ್ಯದ ಜಾಹೀರಾತುಗಳಿಗೂ ಅದರಲ್ಲಿ ನಿಷೇಧವಿದೆ.