ಕೂದಲೆಳೆಯ ಸಂದು

ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ಹಾದಿಯ ಹೊಳಲೂರಿನಂಥ ಊರುಗಳಲ್ಲಿ ಹೊಳೆ ಹತ್ತಿರವಿದ್ದ ಮಾತ್ರಕ್ಕೆ ನೀರು ತಾನಾಗಿ ಗದ್ದೆಗೆ ಏರುವುದಿಲ್ಲ. ಭತ್ತ ಹೊಡೆಯಾಗುವ ಹೊತ್ತಿಗೆ ಪಂಪಿನ ಡೀಸೆಲ್ ಎಂಜಿನ್ನು ಕುಟ್ಟತೊಡಗಿತೆಂದರೆ ರೈತನ ಎದೆಯೂ ಅದರೊಡನೆ ಬಡಿದುಕೊಳ್ಳುತ್ತದೆ.

ಆ ಸದ್ದಿಗೆ ಹಲವೊಮ್ಮೆ ಮೂಲ ಸವೆದ ಬೇರಿಂಗು. ಕ್ರ್ಯಾಂಕಿನ ದಂಡ ತಿರುಗುವ ಈ ತೊಟ್ಟಿಲು ಎರಡು ಹೋಳು. ಅವನ್ನು ಬಿಗಿಹಿಡಿಯುವುದು ಕ್ಯಾಪು. ಹಳೆಯ ಬೇರಿಂಗುಗಳ ಒಳಮೈಗೆ ತವರ, ಆಂಟಿಮನಿ, ತಾಮ್ರ ಬೆರೆತ ಮೆತುವಾದ ಬಿಳಿಲೋಹ. 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ಕಂಡುಹಿಡಿದುದು. ಆದರೆ ದಂಡ ನಿಜವಾಗಿ ತೇಲುವುದು ಎಣ್ಣೆಯ ಪೊರೆಯ ಮೇಲೆ. ಅದಕ್ಕೆ ಬೇಕಾದ ಸಂದು, ದಂಡದ ಒಂದಂಗುಲ ದಪ್ಪಕ್ಕೆ ಸುಮಾರು ಅಂಗುಲದ ಸಾವಿರದಲ್ಲೊಂದು ಭಾಗ!

ನಿಧಾನಗತಿಯ ಹಳೆಯ ಎಂಜಿನ್ನುಗಳಲ್ಲಿ ಹೋಳುಗಳು ಕೂಡುವಲ್ಲಿ ಷಿಮ್ಮೆಂಬ ತೆಳು ತಗಡುಗಳನ್ನು ಇಟ್ಟಿರುತ್ತಿದ್ದರು. ಲೋಹ ಸವೆದಾಗ ಎರಡು ಬದಿಯಿಂದಲೂ ಸಮನಾಗಿ ಒಂದೊಂದು ತೆಗೆದರೆ ಸಂದು ಮತ್ತೆ ಕಿರಿದಾಗುವುದು. ಹೆಚ್ಚು ತೆಗೆದರೋ, ಎಣ್ಣೆಗೆ ತಾವಿಲ್ಲದೆ ಲೋಹ ಕಾದು ಕರಗಿ ಎಂಜಿನ್ನು ಹಿಡಿದುಕೊಳ್ಳುವುದು. ಬಲ್ಲ ಮೇಸ್ತ್ರಿ ಬೋಲ್ಟು ಬಿಗಿದ ಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡುವುದು ಇದಕ್ಕಾಗಿಯೇ.

ತಗಡು ಮುಗಿದಾಗ ಕ್ಯಾಪನ್ನೇ ಅರದಿಂದ ಉಜ್ಜುವ ಆತುರಗಾರರೂ ಉಂಟು. ತೆಗೆದ ಷಿಮ್ಮನ್ನು ಮರಳಿ ಇಡಬಹುದು. ಉಜ್ಜಿದ ಕಬ್ಬಿಣವನ್ನು ಇಡಲಾದೀತೇ? ಕ್ಯಾಪನ್ನು ಅದರ ಪೀಠಕ್ಕೆ ಬಿಗಿದೇ ರಂಧ್ರ ಕೊರೆದಿರುತ್ತಾರೆ. ಅರ ತಾಕಿದರೆ ಆ ದುಂಡು ಕೆಡುತ್ತದೆ.

ಇಂದಿನ ತೆಳುಚಿಪ್ಪಿನ ಬೇರಿಂಗುಗಳಿಗೆ ಸಾಮಾನ್ಯವಾಗಿ ಷಿಮ್ಮಿನ ಗೊಡವೆಯಿಲ್ಲ. ಸವೆದರೆ ಚಿಪ್ಪನ್ನೇ ಬದಲಿಸಬೇಕು. ಅದನ್ನು ಪೇಟೆಯಿಂದ ತರುವವರೆಗೆ ಗದ್ದೆ ಕಾಯಬೇಕು.