ಕಟ್ಟುಮರದಿಂದ ಕ್ಯಾಟಮರಾನ್‌ವರೆಗೆ

"ತಾತ, ಕ್ಯಾಟಮರಾನ್ ಅಂದ್ರೆ ಗೊತ್ತಾ?" ಎನ್ನುತ್ತಾ ಮೊಮ್ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ನೀಲಿ ಸಮುದ್ರದ ಮೇಲೆ ಬಿಳಿ ಹಾಯಿಯ ದೋಣಿ. ಅದಕ್ಕೆ ಅಕ್ಕಪಕ್ಕ ಎರಡು ಒಡಲು. ಬೇಸಿಗೆ ರಜೆಗೆ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿ, ಇಂಥದ್ದನ್ನು ಒಂದು ವಾರ ಬಾಡಿಗೆಗೆ ಹಿಡಿದು ದ್ವೀಪ ಸುತ್ತುವುದು ನನ್ನ ಮಗನ ಯೋಚನೆ. "ನೀವೂ ಬರಲೇಬೇಕು" ಎಂದು ಅವಳ ಹಟ.

ಬೆನ್ಸನ್ ಟೌನಿನಲ್ಲಿದ್ದವರಿಗೆ ತಮಿಳು ಕಿವಿಗೆ ಬೀಳದ ದಿನವಿಲ್ಲ. "ಅದು ತಮಿಳಿನ ಕಟ್ಟುಮರಂ ಕಣಮ್ಮ. ಕಟ್ಟಿದ ಮರ. ಕನ್ನಡದಲ್ಲೂ ಅದೇ ಕಟ್ಟು, ಅದೇ ಮರ" ಎಂದೆ. ಅವಳಿಗೆ ಆಶ್ಚರ್ಯ.

ಮಕ್ಕಳೇ, ಪೂರ್ವ ಕರಾವಳಿಯ ಮೀನುಗಾರರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗೆ ಇಳಿಸುತ್ತಿದ್ದರು. ಅದೇ ಕಟ್ಟುಮರ. ಆ ಹೆಸರನ್ನು ಇಂಗ್ಲಿಷರು ಕೊಂಡೊಯ್ದರು. ಆದರೆ ಜೋಡಿ ಒಡಲಿನ ರೂಪ ಶಾಂತಸಾಗರದ ದ್ವೀಪವಾಸಿಗಳದು. 1876ರಲ್ಲಿ ಅಮೆರಿಕದ ಹೆರೆಶಾಫ್ ಕಟ್ಟಿದ 'ಅಮರಿಲಿಸ್' ಎಂಬ ಜೋಡಿ ಒಡಲಿನ ದೋಣಿ ಪಂದ್ಯದಲ್ಲಿ ಒಂಟಿ ಒಡಲಿನ ದೋಣಿಗಳನ್ನು ಹಿಂದೆ ಹಾಕಿತು.

ಒಡಲು ಎರಡಿರುವುದರಿಂದ ಇದು ಹೆಚ್ಚು ವಾಲುವುದಿಲ್ಲ. ನೀರು ಆಳವಿಲ್ಲದ ಕಡೆಗೂ ಹೋಗಬಲ್ಲದು. ಆದರೆ ಒಮ್ಮೆ ಮಗುಚಿದರೆ ತಾನಾಗಿ ನೆಟ್ಟಗಾಗದು. ತಳದಲ್ಲಿ ಭಾರವಿರುವ ಒಂಟಿ ಒಡಲಿನ ಹಾಯಿದೋಣಿಗೆ ಸಾಮಾನ್ಯವಾಗಿ ಆ ಗುಣವುಂಟು.

ಮಗ ಬಾಡಿಗೆ ಕರಾರಿನ ಕಾಗದ ತಂದ. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ಲೆಡ್ಜರು ನೋಡಿದವನು ನಾನು. ಸಣ್ಣ ಅಕ್ಷರವನ್ನು ಮೊದಲು ಓದುವುದು ನನ್ನ ಅಭ್ಯಾಸ. ದೋಣಿಯನ್ನು ನಾವೇ ನಡೆಸುವುದಾದರೆ ಅನುಭವದ ಪ್ರಮಾಣಪತ್ರ ಬೇಕು. ಇಲ್ಲವೇ ನಾವಿಕನಿಗೆ ದಿನಗೂಲಿ, ಊಟ ಕೊಡಬೇಕು. ಡೀಸೆಲ್, ಬಂದರು ಶುಲ್ಕ ಬೇರೆ. ಮುಂಗಡ ಠೇವಣಿ ಇಡಬೇಕು. ದೋಣಿಗೆ ಪೆಟ್ಟಾದರೆ ಅದರಲ್ಲೇ ಮುರಿದುಕೊಳ್ಳುತ್ತಾರೆ.

"ಮೇ ತಿಂಗಳಲ್ಲಿ ಬಾಡಿಗೆ ಬಹಳ ಕಮ್ಮಿ, ಅಪ್ಪ" ಎಂದ ಮಗ.

"ಯಾಕೆ ಕಮ್ಮಿ ಅಂತ ಕೇಳಿದೆಯಾ?"

ಕೇಳಿರಲಿಲ್ಲ. ಫುಕೆಟ್ ಇರುವುದು ಅಂಡಮಾನ್ ಸಮುದ್ರದ ದಡದಲ್ಲಿ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ನೈಋತ್ಯ ಮುಂಗಾರು. ಮಳೆಗಾಲದಲ್ಲಿ ನಮ್ಮ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ನಿಲ್ಲುತ್ತವಲ್ಲ, ಅದೇ ಗಾಳಿ! ಅಲ್ಲಿ ತಿಳಿ ಹವೆಯೆಂದರೆ ನವೆಂಬರಿನಿಂದ ಏಪ್ರಿಲ್.

"ಮೊದಲು ಮಲ್ಪೆಯಲ್ಲೇ ಪರೀಕ್ಷೆ ಮಾಡೋಣ" ಎಂದೆ. ಫೆಬ್ರುವರಿಯ ಒಂದು ಶನಿವಾರ ಎಲ್ಲರೂ ಹೋದೆವು. ಲೈಫ್ ಜಾಕೆಟ್ಟಿನ ಬೆಲ್ಟನ್ನು ಎಲ್ಲರಿಗೂ ನಾನೇ ಎಳೆದು ನೋಡಿದೆ. ದ್ವೀಪದಲ್ಲಿ ಕಂಬ ಜೋಡಿಸಿಟ್ಟಂತಿರುವ ಬಂಡೆಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ನಮ್ಮ ನೆಲ ಮಡಗಾಸ್ಕರ್‌ನಿಂದ ಬೇರೆಯಾಗುವ ಕಾಲದ ಲಾವಾ ಆರಿ ಆದವು ಅವು. ಮೊಮ್ಮಗಳಿಗೆ ಹಿಗ್ಗೋ ಹಿಗ್ಗು. ಆದರೆ ಅಷ್ಟು ಸಣ್ಣ ಪ್ರಯಾಣದಲ್ಲೇ ಅವಳಪ್ಪ ಎರಡು ಸಲ ವಾಂತಿ ಮಾಡಿಕೊಂಡ. ವಾಪಸು ಬರುವಾಗ ಅವಳು ಕೇಳಿದಳು: "ತಾತ, ನಮ್ಮಲ್ಲಿ ಈಜು ಯಾರಿಗೆ ಬರುತ್ತೆ?"

ಯಾರಿಗೂ ಬರುವುದಿಲ್ಲ!

ಫುಕೆಟ್ ಪ್ರವಾಸ ರದ್ದಾಗಿಲ್ಲ, ಮುಂದಿನ ಕ್ರಿಸ್‌ಮಸ್ ರಜೆಗೆ ಹೋಗಿದೆ. ನಾವಿಕನ ಕೂಲಿಗೂ ದುಡ್ಡು ಎತ್ತಿಟ್ಟಿದ್ದೇವೆ. ಈಗ ಭಾನುವಾರ ಬೆಳಿಗ್ಗೆ ಅಪ್ಪ, ಮಗಳು ಹಲಸೂರಿನ ಈಜುಕೊಳಕ್ಕೆ ಹೋಗುತ್ತಾರೆ. ನಾನು ಪಕ್ಕದ ಬೆಂಚಿನಲ್ಲಿ ಕೂತು ಲೆಕ್ಕ ಬರೆಯುತ್ತೇನೆ. ಕಳೆದ ವಾರದ ಜಮೆ: ಮಗಳು 12 ಮೀಟರ್, ಅಪ್ಪ 5.