ಉಪ್ಪಾಗೆಯ ಹಣ್ಣೂ ಸಿಂಗಳೀಕನ ಪಾಲೂ

ಆಷಾಢದ ಮಳೆ ಹಿಡಿದು ಕುಳಿತ ದಿನಗಳಲ್ಲಿ ಶಿರಸಿ, ಸಿದ್ದಾಪುರಗಳ ಕಾಡಂಚಿನ ಮನೆಗಳ ಹಿತ್ತಿಲ ಕಡೆಗೆ ಹೋದರೆ, ಬಿದಿರಿನ ಅಟ್ಟದ ಮೇಲೆ ಹರವಿದ ಹಳದಿಯ ಸಿಪ್ಪೆಗಳು ಕೆಳಗಣ ಬೆಂಕಿಯ ಕಾವಿಗೆ ಮುದುಡಿ, ಕಂದಿ, ಕಡೆಗೆ ಹಳೆಯ ಚರ್ಮದ ಚೂರುಗಳಂತೆ ಕಪ್ಪಿಡುವುದನ್ನು ಕಾಣಬಹುದು. ಇವು ಉಪ್ಪಾಗೆಯ ಸಿಪ್ಪೆಗಳು. ಹಣ್ಣು ನೋಡುವುದಕ್ಕೆ ಅಂಗೈಯಲ್ಲಿ ಹಿಡಿಸುವ ಪುಟ್ಟ ಸಿಹಿಗುಂಬಳ. ಮೈಮೇಲೆ ಆಳವಾದ ಗೆರೆಗಳು. ಒಡೆದರೆ ಬಿಳಿಯ ರಸಭರಿತ ತಿರುಳು, ಅದರೊಳಗೆ ಬೀಜ. ಕೊಡಗಿನ ಕಾಚಂಪುಳಿ, ಕೇರಳದ ಕೊಡಂಪುಳಿ ಎರಡೂ ಇದರವೇ. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪವನ್ನು ದೋಸೆಯ ಮೇಲೆ ಸವರಿಕೊಂಡು ಉಂಡವರಿಗೆ ಆ ರುಚಿಯನ್ನು ನಾನು ಬಣ್ಣಿಸಬೇಕಾದುದಿಲ್ಲ.

ಸಸ್ಯಶಾಸ್ತ್ರಜ್ಞರು ಗಾರ್ಸೀನಿಯ ಗಮ್ಮಿಗಟ್ಟ ಎಂದು ಕರೆಯುವ ಈ ಮರ ನಮ್ಮ ಮುರುಗಲಿನ ದಾಯಾದಿ. ನಿತ್ಯಹರಿದ್ವರ್ಣದ ಕಾಡಿನ ನೆರಳಿನಲ್ಲಿ, ಹಳ್ಳದ ತಂಪಿನ ಆಸುಪಾಸಿನಲ್ಲಿ ಬೆಳೆಯುವುದು ಇದರ ಸ್ವಭಾವ. ಹೆಣ್ಣು ಮರ ಬೇರೆ, ಗಂಡು ಮರ ಬೇರೆ. ಗಂಡು ಮರವು ಹೂಬಿಟ್ಟು ಸುಮ್ಮನಾಗುವುದೇ ಹೊರತು ಕಾಯಿ ಕಚ್ಚುವುದಿಲ್ಲ. ಆದಕಾರಣ ಅದನ್ನು ಬರಡೆಂದು ಭಾವಿಸಿ ಸೌದೆಗೆ ಕಡಿದವರುಂಟು. ಮರುವರ್ಷ ನೆರೆಯ ಹೆಣ್ಣು ಮರದಲ್ಲಿ ಫಲ ಕುಂಠಿತವಾದಾಗ ಅಂಥವರು ಮೋಡವನ್ನು ಬಯ್ದದ್ದೂ ಉಂಟು.

ಶತಮಾನಗಳಿಂದ ಅಡಿಗೆಯ ಹುಳಿಯಾಗಿದ್ದ ಈ ಹಣ್ಣಿಗೆ ಬೇರೊಂದು ಜಾತಕ ಬರೆಯಲ್ಪಟ್ಟದ್ದು ಮೈಸೂರಿನಲ್ಲಿ. ಇದರ ಹುಳಿಯನ್ನು ಟಾರ್ಟಾರಿಕ್ ಆಮ್ಲವೆಂದೂ ಸಿಟ್ರಿಕ್ ಆಮ್ಲವೆಂದೂ ಎಣಿಸುತ್ತಿದ್ದ ಕಾಲದಲ್ಲಿ, ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಪ್ರಕಟಪಡಿಸಿದರು. ದೇಹದೊಳಗೆ ಶರ್ಕರವನ್ನು ಕೊಬ್ಬಾಗಿ ಮಾರ್ಪಡಿಸುವ ಕಾರ್ಯದಲ್ಲಿ ತೊಡಗಿರುವ ಒಂದು ಕಿಣ್ವಕ್ಕೆ ಈ ಆಮ್ಲವು ಅಡ್ಡಬರುವುದೆಂದು ಮುಂದೆ ತಿಳಿದುಬಂದಿತು. ಪ್ರಯೋಗನಳಿಕೆಯೊಳಗಿನ ಆ ಸತ್ಯವನ್ನು ವ್ಯಾಪಾರಿಗಳು ಸ್ಥೂಲಕಾಯರ ಆಸೆಗೆ ಗಂಟುಹಾಕಿದರು. 1990ರ ದಶಕದ ಹೊತ್ತಿಗೆ, ಮೈ ತೆಳ್ಳಗೆ ಮಾಡುವ ಗುಳಿಗೆಗಾಗಿ ಸಮುದ್ರದಾಚೆಯಿಂದ ಬೇಡಿಕೆ ಉಕ್ಕಿ ಬಂದು, ಮಲೆನಾಡಿನ ಬಡವನ ಕೈಗೆ ಅಡಿಕೆ ತೋಟವಿಲ್ಲದೆಯೂ ಮಳೆಗಾಲದಲ್ಲಿ ನಾಲ್ಕು ಕಾಸು ಕಾಣುವಂತಾಯಿತು. ಆದರೆ 1998ರಲ್ಲಿ ಅಮೆರಿಕದ ವೈದ್ಯರು 135 ಜನರ ಮೇಲೆ 12 ವಾರಗಳ ಪರೀಕ್ಷೆ ನಡೆಸಿದಾಗ, ಈ ಆಮ್ಲವನ್ನು ಸೇವಿಸಿದವರಿಗೂ ಬರಿಯ ಹುಸಿಗುಳಿಗೆಯನ್ನು ನುಂಗಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯವಾದ ಅಂತರವೇ ಕಾಣಲಿಲ್ಲ!

ಅಷ್ಟರಲ್ಲಿ ಕಾಡಿನೊಳಗೆ ಆಗಬಾರದ್ದು ಆಗತೊಡಗಿತ್ತು. ತಾನಾಗಿ ಹಣ್ಣಾಗಿ ಉದುರುವವರೆಗೆ ಕಾಯುತ್ತಿದ್ದ ಜನ ಕಾಯನ್ನೇ ಕೆಡವತೊಡಗಿದರು. ಮರ ಹತ್ತುವ ಶ್ರಮಕ್ಕಿಂತ ಕೊಂಬೆ ಕಡಿಯುವುದು ಸುಲಭವೆಂದು ಕತ್ತಿ ಬೀಸಿದವರೂ ಇದ್ದರು. ಇದನ್ನು ಹಳ್ಳಿಗನ ಅಜ್ಞಾನವೆಂದು ನಗರದವರು ಹಳಿಯುವುದು ವಾಡಿಕೆ. ನನಗೆ ಹಾಗೆ ತೋರುವುದಿಲ್ಲ. ಹಸುರುಕಾಯಿಯ ಸಿಪ್ಪೆ ತೆಳುವು, ತೂಕ ಕಡಿಮೆ, ಬೀಜವೂ ಬಲಿತಿಲ್ಲ ಎಂಬುದು ಕೀಳುವವನಿಗೆ ಪಂಡಿತನಿಗಿಂತ ಚೆನ್ನಾಗಿ ಗೊತ್ತು. ಆದರೂ ಇಂದು ತಾನು ಬಿಟ್ಟುದನ್ನು ನಾಳೆ ಬೆಳಗಾಗುವುದರೊಳಗೆ ಇನ್ನೊಬ್ಬನು ಒಯ್ಯುವನೆಂಬುದೂ ಅವನಿಗೆ ಗೊತ್ತು. ಯಾರದೂ ಅಲ್ಲದ ಮರದಲ್ಲಿ ಹಣ್ಣು ಮಾಗುವುದಿಲ್ಲ.

ಹಿಂದೆ ಈ ಕಾಡುಗಳು ಹೀಗೆ ಅನಾಥವಾಗಿರಲಿಲ್ಲ. ‘ಕಾನು’ ಎಂಬ ಹೆಸರಿನಿಂದ ಊರೂರಿನ ನೆನಪಿನಲ್ಲಿ ಉಳಿದಿರುವ ಹಸುರು ತುಣುಕುಗಳಲ್ಲಿ ದೇವರ ಭಯವೂ ಕಾಳುಮೆಣಸಿನ ಆದಾಯವೂ ಒಂದೇ ಮರವನ್ನು ತಬ್ಬಿಕೊಂಡಿದ್ದವು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ಸೊರಬ ತಾಲ್ಲೂಕೊಂದರಲ್ಲಿಯೇ ಇಂತಹ 171 ಕಾನುಗಳನ್ನು ಲೆಕ್ಕಹಾಕಿದ್ದರು. ಕಾನು ಸರಕಾರದ ಸೊತ್ತಾದಂತೆ ಊರಿನ ಕಟ್ಟಳೆ ಸಡಿಲವಾಯಿತು. ಆ ಕಟ್ಟಳೆಯನ್ನು ಹೊಸ ಕಾಲಕ್ಕೆ ಒಪ್ಪುವಂತೆ ಮತ್ತೆ ಹೊಸೆಯುವುದೇ ಇಂದು ಗ್ರಾಮ ಅರಣ್ಯ ಸಮಿತಿಗಳು, ಸ್ವಯಂಸೇವಾ ಸಂಸ್ಥೆಗಳು ಮಾಡಬಯಸುವ ಕೆಲಸ. ಇಂಥ ದಿನದ ವರೆಗೆ ಯಾರೂ ಕೊಯ್ಯಕೂಡದು, ಕೊಂಬೆಗೆ ಕತ್ತಿ ತಾಗಿಸಕೂಡದು, ತುದಿಯ ಹಣ್ಣು ಪ್ರಾಣಿಗಳಿಗೆ ಎಂಬಷ್ಟೇ ಸರಳವಾದ ಒಪ್ಪಂದ. ನೆರೆಯವನೂ ಕಾಯುವನೆಂಬ ಭರವಸೆ ಹುಟ್ಟಿತೆಂದರೆ ಹಣ್ಣು ತಾನಾಗಿ ಹಳದಿಯಾಗುವುದು.

ತುದಿಯ ಹಣ್ಣಿಗೆ ಹಕ್ಕುದಾರನೆಂದರೆ ಸಿಂಗಳೀಕ. ಮುಖದ ಸುತ್ತ ಬೂದುಬಣ್ಣದ ಕೇಸರ ಹೊತ್ತ ಈ ಕಪ್ಪು ಕೋತಿ ಪಶ್ಚಿಮಘಟ್ಟವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ; ನೆಲಕ್ಕಿಳಿಯಲು ಒಲ್ಲದ ಪ್ರಾಣಿಯಾದ್ದರಿಂದ ಕೊಂಬೆಗೆ ಕೊಂಬೆ ತಾಗದಲ್ಲಿ ಅದರ ದಾರಿ ಕಡಿದುಹೋಗುವುದು. ಶಿರಸಿ-ಹೊನ್ನಾವರ ಕಾಡುಗಳಲ್ಲಿ ಅದರ 32 ಗುಂಪುಗಳಿವೆಯೆಂದು 2008ರ ಸುಮಾರಿಗೆ ಸಂಶೋಧಕರು ಗುರುತಿಸಿದರು. ಅದನ್ನನುಸರಿಸಿ 2011ರಲ್ಲಿ ಅಘನಾಶಿನಿ ಕಣಿವೆಯು ಸಂರಕ್ಷಣಾ ಮೀಸಲೆಂದು ಘೋಷಿತವಾಯಿತು. ಜನರ ಬಳಕೆಯನ್ನು ಅಳಿಸದೆ ಕಾಡನ್ನು ಕಾಯುವ ವ್ಯವಸ್ಥೆಯದು. 2019ರಲ್ಲಿ ಅದನ್ನು ಶರಾವತಿಯ ಅಭಯಾರಣ್ಯದೊಡನೆ ಕೂಡಿಸಲಾಗಿದೆ. ಅಭಯಾರಣ್ಯದ ಕಾಯಿದೆ ಬಿಗಿಯಾದುದರಿಂದ, ಹಣ್ಣು ಆರಿಸುವವರ ಎದೆಯಲ್ಲಿ ಅಳುಕು ಮೂಡಿದರೆ ಅದು ಸಹಜವೇ.

ಇನ್ನು ಬೆಂಕಿಯ ವಿಚಾರ. ಹಣ್ಣಾಗುವುದು ಜೂನಿನಿಂದ ಆಗಸ್ಟಿನವರೆಗೆ, ಬಿಸಿಲಿನ ಮುಖ ಕಾಣದ ತಿಂಗಳುಗಳಲ್ಲಿ. ಹೀಗಾಗಿ ಸಿಪ್ಪೆ ಒಣಗಿಸಲು ಉರಿಸುವ ಸೌದೆಯೇ ಕಾಡಿಗೆ ಎರಡನೆಯ ಹೊರೆ. ತೆರೆದ ಒಲೆಯ ಕಾವಿನಲ್ಲಿ ಬಹುಪಾಲು ಮಾಡಿನತ್ತ ಹಾರಿಹೋಗುವುದು, ಉಳಿದುದು ಮನೆಯಾಕೆಯ ಕಣ್ಣಿಗೆ. ಹೊಗೆಯನ್ನು ಕೊಳವೆಯೊಳಗೆ ಹಾಯಿಸಿ ಹೊರಕ್ಕೆ ಬಿಟ್ಟು, ಕೊಳವೆಯ ಬಿಸಿಯಿಂದ ಮುಚ್ಚಿದ ಗೂಡಿನೊಳಗಣ ಗಾಳಿಯನ್ನು ಕಾಯಿಸುವ ಒಣಗುಗೂಡುಗಳು ಬಂದಮೇಲೆ ಸೌದೆಯೂ ಉಳಿಯುವುದು, ಹೊಗೆವಾಸನೆ ಹತ್ತದ ಸಿಪ್ಪೆಗೆ ಬೆಲೆಯೂ ಏರುವುದು.

ಕಾಡಿಗೆ ಹೋಗುವ ಕಾಲನ್ನೇ ಕಡಿಮೆ ಮಾಡುವ ಯತ್ನವೂ ನಡೆದಿದೆ. ಸೊಪ್ಪಿನ ಬೆಟ್ಟದಲ್ಲಿಯೂ ತೋಟದ ಅಂಚಿನಲ್ಲಿಯೂ ಉಪ್ಪಾಗೆಯ ಕಸಿಗಿಡ ನೆಡುವವರು ಈಗ ಕಡಿಮೆಯಿಲ್ಲ. ಬೀಜದ ಗಿಡವಾದರೆ ಮೊಳಕೆಗೇ ತಿಂಗಳುಗಟ್ಟಲೆ ಕಾಯಬೇಕು, ಹತ್ತಾರು ವರ್ಷ ಸಾಕಿದ ಮೇಲೆ ಅದು ಗಂಡೆಂದು ತಿಳಿಯಲೂಬಹುದು. ಕಸಿಯಲ್ಲಿ ಆ ಜೂಜಿಲ್ಲ, ಕೆಲವೇ ವರ್ಷಗಳಲ್ಲಿ ಕಾಯಿ. ಆದುದರಿಂದ ರೈತರು ಹೆಣ್ಣು ಕಸಿಯನ್ನೇ ಕೇಳುವರು, ನರ್ಸರಿಯವರೂ ಅದನ್ನೇ ಕಟ್ಟಿಕೊಡುವರು. ಗಂಡು ಮರವೆಲ್ಲಿ ಎಂದು ವಿಚಾರಿಸಿದರೆ, ಹಳ್ಳದಾಚೆಯ ಕಾನಿನ ಕಡೆಗೆ ಕೈತೋರುವರು.